ಬಾಗಿಲಲ್ಲಿ ನಿಂತು ಕಾಯುವವರು ಯಾರು?

ರಗ್ಬಿ ಆಟವನ್ನು ನಮ್ಮಲ್ಲಿ ನೋಡುವವರು ಕಡಿಮೆ. ಆದರೂ ನ್ಯೂಜಿಲೆಂಡ್ ತಂಡ ಪಂದ್ಯಕ್ಕೆ ಮೊದಲು ಮಾಡುವ ‘ಹಾಕಾ’ವನ್ನು ಮೊಬೈಲಿನಲ್ಲಾದರೂ ನೋಡದವರು ವಿರಳ. ತೊಡೆ ತಟ್ಟುತ್ತ, ನೆಲ ಒದೆಯುತ್ತ, ಕಣ್ಣರಳಿಸಿ, ನಾಲಿಗೆ ಹೊರಚಾಚಿ ಇಡೀ ತಂಡ ಒಂದೇ ದನಿಯಲ್ಲಿ ಕೂಗುವ ಆ ಮಾವೊರಿ ಕುಣಿತ ಇವತ್ತು ಆ ದೇಶದ ಹೆಮ್ಮೆಯ ಗುರುತು. ಆದರೆ ಅದೇ ಕುಣಿತವನ್ನು ಅದೇ ದೇಶದ ಅತಿ ದೊಡ್ಡ ವಿಶ್ವವಿದ್ಯಾಲಯದಲ್ಲಿ ವರ್ಷ ವರ್ಷವೂ ಗೇಲಿ ಮಾಡಿ ಆಡುತ್ತಿದ್ದರು. ಆ ಗೇಲಿ ನಿಂತು ಒಂಬತ್ತು ವರ್ಷಕ್ಕೆ, ಅದೇ ವಿಶ್ವವಿದ್ಯಾಲಯದ ಆವರಣದಲ್ಲಿ ಮಾವೊರಿಗಳ ಕೆತ್ತನೆಯ ಮನೆಯೊಂದು ಎದ್ದು ನಿಂತಿತು. ಇತಿಹಾಸದ ಪುಸ್ತಕಗಳಲ್ಲಿ ಯುದ್ಧ, ಒಪ್ಪಂದ, ಚಳವಳಿಗಳಿಗೆ ಸಿಗುವಷ್ಟು ಜಾಗ ಮನೆಗಳಿಗೆ ಸಿಗುವುದಿಲ್ಲ. ನನಗೋ, ಒಂದು ಕಾಲೇಜಿನ ಅಂಗಳದಲ್ಲಿ ಒಂದು ಮನೆ ಕಟ್ಟುವುದಕ್ಕೆ ನೂರು ವರ್ಷ ಏಕೆ ಬೇಕಾಯಿತು ಎಂದು ಕೇಳಿಕೊಂಡರೆ ಆ ದೇಶದ ಇತಿಹಾಸವೇ ಬಿಚ್ಚಿಕೊಳ್ಳುತ್ತದೆ ಅನ್ನಿಸಿದೆ.

ಗೇಲಿಯ ಕಥೆಯಿಂದಲೇ ಶುರುಮಾಡೋಣ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಪದವಿ ಪ್ರದಾನದ ವಾರ ಎಂದರೆ ಹುಡುಗರ ಮೋಜಿನ ವಾರ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹುಲ್ಲಿನ ಲಂಗ ಸುತ್ತಿಕೊಂಡು, ಮೈಮೇಲೆ ಅಶ್ಲೀಲ ಚಿತ್ರಗಳನ್ನು ಬರೆದುಕೊಂಡು, ಹಾಕಾದ ಪದಗಳನ್ನು ಪೋಲಿ ಮಾತಾಗಿ ತಿರುಚಿ ಕುಣಿಯುತ್ತಿದ್ದರು. ಇದಕ್ಕೆ ದಶಕಗಳ ‘ಸಂಪ್ರದಾಯ’ವಿತ್ತು. ಮಾವೊರಿ ವಿದ್ಯಾರ್ಥಿಗಳು 1970ರ ದಶಕದುದ್ದಕ್ಕೂ ಇದನ್ನು ನಿಲ್ಲಿಸಿ ಎಂದು ಕೇಳುತ್ತಲೇ ಬಂದರು. ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳಿ ಎಂಬ ಧಾಟಿಯ ಉತ್ತರವೇ ಸಿಗುತ್ತಿತ್ತು. 1979ರ ಮೇ 1ರಂದು ಎಂಜಿನಿಯರಿಂಗ್ ಹುಡುಗರು ತಾಲೀಮು ನಡೆಸುತ್ತಿದ್ದ ಕೋಣೆಗೆ ‘ಹೆ ತಾವುವಾ’ ಎಂದು ತಮ್ಮನ್ನು ಕರೆದುಕೊಂಡ ಯುವಕ ಯುವತಿಯರ ಗುಂಪು ನುಗ್ಗಿತು. ಆ ಹೆಸರಿನ ಅರ್ಥ ದಂಡು, ಯುದ್ಧಕ್ಕೆ ಹೊರಟ ದಂಡು. ಕೆಲವೇ ನಿಮಿಷ ಹೊಡೆದಾಟ ನಡೆಯಿತು, ಕೆಲವರಿಗೆ ಗಾಯಗಳಾದವು. ಪತ್ರಿಕೆಗಳು ಮೊದಲಿಗೆ ಇದನ್ನು ಗೂಂಡಾಗಳ ದಾಳಿ ಎಂಬಂತೆ ಬರೆದವು. ಬಂಧನಗಳಾದವು, ಮೊಕದ್ದಮೆ ನಡೆಯಿತು. ಆದರೆ ಅಣಕು ಹಾಕಾ ಮತ್ತೆ ನಡೆಯಲಿಲ್ಲ.

ಹೊಡೆದಾಟವನ್ನು ಮೆಚ್ಚಿಕೊಳ್ಳುವ ಉದ್ದೇಶ ನನ್ನದಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಅಷ್ಟು ವರ್ಷ ಅಷ್ಟು ಸಾರಿ ಕೇಳಿಕೊಂಡರೂ ಆ ಮಾತು ಯಾರ ಕಿವಿಗೂ ಯಾಕೆ ಬೀಳಲಿಲ್ಲ? ನನಗೆ ತೋಚುವ ಉತ್ತರ ಇಷ್ಟು: ಕೇಳುತ್ತಿದ್ದವರು ಆ ಕ್ಯಾಂಪಸ್ಸಿನಲ್ಲಿ ಅತಿಥಿಗಳಾಗಿದ್ದರು. ಮನೆಯ ಯಜಮಾನ ನಗುವಾಗ ಅತಿಥಿ ಮುಖ ಸಿಂಡರಿಸಿದರೆ, ತಪ್ಪು ಅತಿಥಿಯದ್ದೇ ಆಗುತ್ತದೆ.

ಮಾವೊರಿಗಳು ತಮ್ಮ ನೆಲದಲ್ಲೇ ಅತಿಥಿಗಳಾದದ್ದು ಹೇಗೆ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1840ರ ಫೆಬ್ರುವರಿ 6ರಂದು ವೈತಾಂಗಿ ಎಂಬಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿಗೂ ಮಾವೊರಿ ಮುಖಂಡರಿಗೂ ಒಪ್ಪಂದವಾಯಿತು. ಒಪ್ಪಂದದ ಇಂಗ್ಲಿಷ್ ಪಾಠ ಹೇಳುವುದು ಒಂದು, ಮಾವೊರಿ ಪಾಠ ಹೇಳುವುದು ಇನ್ನೊಂದು. ಭೂಮಿಯ ಮೇಲಿನ ಒಡೆತನದ ಬಗ್ಗೆ ಮಾವೊರಿಗಳು ಅರ್ಥಮಾಡಿಕೊಂಡದ್ದನ್ನು ಬ್ರಿಟಿಷರು ಪಾಲಿಸಲಿಲ್ಲ. 1867ರಲ್ಲಿ ಬಂದ ಶಾಲಾ ಕಾಯ್ದೆ ಮಾವೊರಿ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಗಳನ್ನು ತೆರೆಯಿತು, ಪಾಠ ಇಂಗ್ಲಿಷಿನಲ್ಲಿ ನಡೆಯಬೇಕೆಂದಿತು. ಮುಂದೆ ಎಷ್ಟೋ ಶಾಲೆಗಳಲ್ಲಿ, ಮಾವೊರಿ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ಆಕ್ಲೆಂಡಿನ ಕಾಲೇಜು ಶುರುವಾದದ್ದು 1883ರಲ್ಲಿ, ಬಳಕೆ ತಪ್ಪಿದ್ದ ಒಂದು ನ್ಯಾಯಾಲಯ ಮತ್ತು ಜೈಲಿನ ಕಟ್ಟಡದಲ್ಲಿ. ಹತ್ತು ವರ್ಷ ಕಳೆದು 1893ರಲ್ಲಿ ಆಪಿರಾನಾ ಙಾಟಾ ಎಂಬ ತರುಣ ಬಿ.ಎ. ಮುಗಿಸಿದ. ನ್ಯೂಜಿಲೆಂಡಿನ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಮೊದಲ ಮಾವೊರಿ ಆತ. ಮುಂದೆ ಕಾನೂನನ್ನೂ ಓದಿ, ನಾಲ್ಕು ದಶಕಗಳಿಗೆ ಸ್ವಲ್ಪ ಕಡಿಮೆ ಅವಧಿಗೆ ಸಂಸತ್ತಿನಲ್ಲಿದ್ದ ಙಾಟಾ, ಅಳಿದುಹೋಗುತ್ತಿದ್ದ ಮರಗೆತ್ತನೆಯ ವಿದ್ಯೆಯನ್ನು ಉಳಿಸಲು ರೊಟೊರುವಾದಲ್ಲಿ ಒಂದು ಶಾಲೆಯನ್ನೇ ತೆರೆಸಿದರು. ಆ ಶಾಲೆಯ ಹೆಸರು ಈ ಕಥೆಯಲ್ಲಿ ಮುಂದೆ ಮತ್ತೆ ಬರಲಿದೆ.

ವಿಶ್ವವಿದ್ಯಾಲಯದೊಳಗೆ ಮಾವೊರಿ ಭಾಷೆಗೆ ಒಬ್ಬ ಅಧ್ಯಾಪಕರು ಸಿಗಲು 1951ರವರೆಗೆ ಕಾಯಬೇಕಾಯಿತು. ಆ ವರ್ಷ ಬ್ರೂಸ್ ಬಿಗ್ಸ್ ಅವರನ್ನು ಆಕ್ಲೆಂಡ್ ಕಾಲೇಜು ನೇಮಿಸಿಕೊಂಡಿತು. ಸೇರಿಸಿಕೊಂಡದ್ದು ಮಾನವಶಾಸ್ತ್ರ ವಿಭಾಗಕ್ಕೆ. ಇದನ್ನು ಗಮನಿಸಬೇಕು. ಇಂಗ್ಲಿಷ್, ಫ್ರೆಂಚ್, ಲ್ಯಾಟಿನ್ ಭಾಷೆಗಳಿಗೆ ಅವುಗಳದೇ ವಿಭಾಗಗಳಿದ್ದವು. ಆ ನೆಲದ ಭಾಷೆ ಮಾತ್ರ, ‘ಇತರ ಜನರನ್ನು’ ಅಧ್ಯಯನ ಮಾಡುವ ವಿಭಾಗದ ಒಂದು ಮೂಲೆಯಲ್ಲಿ ಬಿಡಾರ ಹೂಡಿತು. 1964ರಿಂದ ಅಲ್ಲಿ ಕಲಿಸಿದ ಮೆರಿಮೆರಿ ಪೆನ್‌ಫೋಲ್ಡ್, ವಿಶ್ವವಿದ್ಯಾಲಯದಲ್ಲಿ ಮಾವೊರಿ ಕಲಿಸಿದ ಮೊದಲ ಮಾವೊರಿ ಮಹಿಳೆ. ಷೇಕ್ಸ್‌ಪಿಯರನ ಒಂಬತ್ತು ಸಾನೆಟ್ಟುಗಳನ್ನು ಮಾವೊರಿಗೆ ತಂದವರೂ ಅವರೇ. ಅಂಥ ಭಾಷೆ, ಅಂಥ ಅಧ್ಯಾಪಕಿ. ಆದರೂ ಬಿಡಾರ ಬಿಡಾರವೇ.

ಅದೇ 1950ರ ದಶಕದ ಆರಂಭದಲ್ಲಿ, ವಿಶ್ವವಿದ್ಯಾಲಯದಿಂದ ಕೆಲವೇ ಕಿಲೋಮೀಟರ್ ದೂರದ ಓಕಾಹು ಕೊಲ್ಲಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಆಕ್ಲೆಂಡ್ ನಗರ ಎದ್ದಿರುವುದು ಙಾಟಿ ಫಾಟುವಾ ಓರಾಕೆಯಿ ಎಂಬ ಕುಲದ ನೆಲದ ಮೇಲೆ. ಅಷ್ಟು ಹೊತ್ತಿಗೆ ಆ ಕುಲಕ್ಕೆ ಉಳಿದಿದ್ದದ್ದು ಕೊಲ್ಲಿಯ ದಡದ ಒಂದು ಸಣ್ಣ ಹಳ್ಳಿ. ಅಧಿಕಾರಿಗಳ ಕಣ್ಣಿಗೆ ಅದು ಕೊಳಕು ಕೇರಿ. ಜನರನ್ನು ಎಬ್ಬಿಸಿ ಸರ್ಕಾರಿ ಬಾಡಿಗೆ ಮನೆಗಳಿಗೆ ಕಳುಹಿಸಿದರು, ಹಳ್ಳಿಯನ್ನು ಸುಟ್ಟುಹಾಕಿದರು. ಒಂದೇ ಊರು, ಹೆಚ್ಚುಕಡಿಮೆ ಒಂದೇ ಕಾಲ: ಒಂದು ಕಡೆ ಆ ಜನರ ಭಾಷೆಗೆ ಪಾಠದ ಕೋಣೆ ಸಿಕ್ಕಿತು, ಇನ್ನೊಂದು ಕಡೆ ಆ ಭಾಷೆಯಾಡುವವರ ಮನೆಗಳು ಬೂದಿಯಾದವು. ಭಾಷೆಯನ್ನು ಪಠ್ಯವಾಗಿ ಇಟ್ಟುಕೊಂಡು, ಭಾಷೆ ಬದುಕುವ ಜಾಗವನ್ನು ಇಲ್ಲವಾಗಿಸಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ತಿಳಿದಿಲ್ಲ.

ಆ ಜಾಗದ ಹೆಸರು ಮರಾಯೆ. ಕಿವಿಗೆ ನಮ್ಮ ಕರಾವಳಿಯ ‘ಮಾರಾಯ’ನ ಹಾಗೆ ಕೇಳಿಸಿದರೂ ಸಂಬಂಧವೇನಿಲ್ಲ. ಮರಾಯೆ ಎಂದರೆ ಮೂಲದಲ್ಲಿ ಅಂಗಳ. ಅಂಗಳದ ಒಂದು ತುದಿಯಲ್ಲಿ ಕೆತ್ತನೆಯ ಸಭಾಮನೆ, ಪಕ್ಕದಲ್ಲಿ ಊಟದ ಮನೆ, ಇನ್ನೊಂದು ತುದಿಯಲ್ಲಿ ಹೊರಬಾಗಿಲು. ಎಲ್ಲವೂ ಸೇರಿ ಮರಾಯೆ. ಮದುವೆ, ಪಂಚಾಯಿತಿ, ಜಗಳ, ರಾಜಿ ಎಲ್ಲವೂ ನಡೆಯುವುದು ಅಲ್ಲೇ. ಸತ್ತವರನ್ನು ಕೆಲವು ದಿನ ಅಲ್ಲಿಟ್ಟು, ಒಂಟಿಯಾಗಿ ಬಿಡದೆ, ಅವರೊಂದಿಗೆ ಮಾತಾಡುತ್ತ ಕಳಿಸಿಕೊಡುವುದೂ ಅಲ್ಲೇ.

ಸಭಾಮನೆ ಬರೀ ಕಟ್ಟಡವಲ್ಲ, ಅದೊಂದು ಮೈ. ಸಾಮಾನ್ಯವಾಗಿ ಕುಲದ ಒಬ್ಬ ಪೂರ್ವಜನ ಹೆಸರನ್ನೇ ಅದಕ್ಕೆ ಇಡುತ್ತಾರೆ. ಸೂರಿನ ತುದಿಯ ಮುಖವಾಡ ಅವನ ತಲೆ. ಮುಂದಕ್ಕೆ ಇಳಿಬಿದ್ದ ಎರಡು ಹಲಗೆಗಳು ಚಾಚಿದ ತೋಳುಗಳು. ಮಾಡಿನ ನಡುತೊಲೆ ಬೆನ್ನುಮೂಳೆ, ಜಂತೆಗಳು ಪಕ್ಕೆಲುಬುಗಳು, ನಡುವಿನ ಕಂಬ ಎದೆ. ಒಳಗೆ ಹೋದವರು ಪೂರ್ವಜನ ಒಡಲೊಳಗೆ ಹೋದಂತೆ. ಗೋಡೆಯುದ್ದಕ್ಕೂ ನಿಂತ ಕೆತ್ತನೆಗಳು ಅವನ ವಂಶದವರು. ಬಸವಣ್ಣನವರ ವಚನ ಕೇಳಿ ಬೆಳೆದ ಕನ್ನಡಿಗರಿಗೆ ಮೈ ಮತ್ತು ಕಟ್ಟಡವನ್ನು ಹೀಗೆ ಒಟ್ಟಿಗೆ ನೋಡುವುದು ಹೊಸದಲ್ಲ. ಅಲ್ಲಿ ಮೈಯೇ ಗುಡಿಯಾದರೆ, ಇಲ್ಲಿ ಮನೆಯೇ ಮೈ.

ಇಂಥ ಮನೆಯನ್ನು ವಸಾಹತು ಕಾಲ ಹೇಗೆ ನೋಡಿತು ಎಂದು ತಿಳಿಯಲು ‘ಮಾತಾತುವಾ’ ಎಂಬ ಒಂದು ಮನೆಯ ಕಥೆ ಸಾಕು. ಙಾಟಿ ಆವಾ ಕುಲದವರು 1875ರಲ್ಲಿ ಫಾಕಾತಾನೆ ಊರಿನಲ್ಲಿ ಅದನ್ನು ಕಟ್ಟಿ ಮುಗಿಸಿದರು. ನಾಲ್ಕೇ ವರ್ಷದಲ್ಲಿ ಸರ್ಕಾರ ಅದನ್ನು ಬಿಚ್ಚಿ ಸಿಡ್ನಿಯ ವಸ್ತುಪ್ರದರ್ಶನಕ್ಕೆ ಕಳಿಸಿತು. ಅಲ್ಲಿ ಅದನ್ನು ಒಳಹೊರಗು ಮಾಡಿ ನಿಲ್ಲಿಸಿದರು. ಒಳಗೋಡೆಯ ಕೆತ್ತನೆಗಳು ಹೊರಗೆ ಕಾಣುವಂತೆ! ನೋಡುವವರಿಗೆ ಅನುಕೂಲವಾಗಲಿ ಎಂದಿರಬೇಕು. ಪೂರ್ವಜನ ಒಡಲನ್ನು ಮಗುಚಿ ಹಾಕಿದಂತಾಯಿತು ಎಂಬುದು ಯಾರಿಗೂ ಹೊಳೆಯಲಿಲ್ಲ. ಅಲ್ಲಿಂದ ಮೆಲ್ಬರ್ನ್, ಅಲ್ಲಿಂದ ಲಂಡನ್. ದಶಕಗಳು ಕಳೆದ ಮೇಲೆ 1925ರಲ್ಲಿ ನ್ಯೂಜಿಲೆಂಡಿಗೆ ಮರಳಿತು. ಮರಳಿದ್ದು ತನ್ನ ಊರಿಗಲ್ಲ, ಡನೀಡಿನ್ ನಗರದ ಪ್ರದರ್ಶನಕ್ಕೆ, ಅಲ್ಲಿಂದ ಅಲ್ಲಿನ ಮ್ಯೂಸಿಯಮ್ಮಿಗೆ. ಮ್ಯೂಸಿಯಮ್ಮಿನ ಅಳತೆಗೆ ಹೊಂದಲೆಂದು ಅದರ ಭಾಗಗಳನ್ನು ಕತ್ತರಿಸಿದರು. ಕುಲದವರು ಬಿಡದೆ ಕೇಳಿ 1996ರಲ್ಲಿ ಹಿಂದಕ್ಕೆ ಪಡೆದರು. ಜೀರ್ಣೋದ್ಧಾರ ಮುಗಿದು 2011ರಲ್ಲಿ ಅದು ಫಾಕಾತಾನೆಯಲ್ಲಿ ಮತ್ತೆ ಬಾಗಿಲು ತೆರೆಯಿತು.

ಪ್ರದರ್ಶನದ ಮನೆಗೂ ಬದುಕುವ ಮನೆಗೂ ಇರುವ ವ್ಯತ್ಯಾಸ ಇದು. ಪ್ರದರ್ಶನದಲ್ಲಿ ಟಿಕೆಟ್ ಕೊಂಡವನು ಯಜಮಾನ. ಬದುಕುವ ಮನೆಯಲ್ಲಿ, ಕರೆದರಷ್ಟೇ ಒಳಗೆ ಬರಬೇಕು.

ಎರಡನೆಯ ಮಹಾಯುದ್ಧದ ನಂತರ ಮಾವೊರಿ ಬದುಕೇ ಸ್ಥಳ ಬದಲಿಸಿತು. 1945ರಲ್ಲಿ ಸುಮಾರು ಕಾಲುಭಾಗದಷ್ಟು ಮಾವೊರಿಗಳು ಪಟ್ಟಣಗಳಲ್ಲಿದ್ದರೆ, 1986ರ ಹೊತ್ತಿಗೆ ಐವರಲ್ಲಿ ನಾಲ್ವರು ಪಟ್ಟಣವಾಸಿಗಳು. ಒಂದೇ ತಲೆಮಾರಿನಲ್ಲಿ ಇಷ್ಟು ವೇಗವಾಗಿ ಹಳ್ಳಿ ಬಿಟ್ಟ ಜನಾಂಗಗಳು ಕಡಿಮೆ. ಸರ್ಕಾರದ ವಸತಿ ನೀತಿ ಅವರನ್ನು ಒಂದೆಡೆ ನೆಲೆಸಲು ಬಿಡದೆ, ಬಿಳಿಯರ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಕುಟುಂಬವಾಗಿ ಚದುರಿಸಿತು. ಅನ್ನಕ್ಕೆ ಮೆಣಸಿನಪುಡಿ ಉದುರಿಸಿದ ಹಾಗೆ. ಉದ್ದೇಶ ಬೆರೆಯಲಿ ಎಂಬುದು. ಆದದ್ದು, ಮಾತೃಭಾಷೆಯಲ್ಲಿ ಒಂದು ಮಾತಾಡಲು ಪಕ್ಕದ ಮನೆಯಲ್ಲಿ ಯಾರೂ ಇಲ್ಲ ಎಂಬ ಸ್ಥಿತಿ. ಕಾಲೇಜಿಗೆ ಬಂದ ಹುಡುಗ ಹುಡುಗಿಯರು ಈ ಚದುರಿದ ಮನೆಗಳ ಮಕ್ಕಳು. ಅವರಲ್ಲಿ ಎಷ್ಟೋ ಜನರಿಗೆ ತಮ್ಮ ಭಾಷೆ ಬರುತ್ತಿರಲಿಲ್ಲ. ಹಳ್ಳಿಯ ಮರಾಯೆ ಅಜ್ಜ ಸತ್ತಾಗ ಹೋಗಿಬರುವ ಜಾಗವಾಗಿತ್ತು.

ಇವರೇ ಎದ್ದು ನಿಂತರು. 1970ರಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ನಡೆದ ಯುವ ಮಾವೊರಿ ನಾಯಕರ ಸಮ್ಮೇಳನದ ಬೆನ್ನಿಗೆ ‘ಙಾ ತಮತೊವಾ’ ಎಂಬ ಸಂಘಟನೆ ಹುಟ್ಟಿತು. ‘ತರುಣ ವೀರರು’ ಎಂದು ಅರ್ಥ. ವೆಲಿಂಗ್ಟನ್ನಿನ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಮಾವೊರಿ ಭಾಷಾ ಸಂಘ ಕಟ್ಟಿಕೊಂಡಿದ್ದ ವಿದ್ಯಾರ್ಥಿಗಳೂ ಜೊತೆಗೂಡಿದರು. 1972ರ ಸೆಪ್ಟೆಂಬರ್ 14ರಂದು 30,000ಕ್ಕೂ ಹೆಚ್ಚು ಸಹಿಗಳಿದ್ದ ಅರ್ಜಿಯನ್ನು ಅವರು ಸಂಸತ್ತಿಗೆ ಒಪ್ಪಿಸಿದರು. ಕೇಳಿದ್ದು ದೊಡ್ಡದೇನೂ ಅಲ್ಲ. ಶಾಲೆಗಳಲ್ಲಿ ಮಾವೊರಿ ಕಲಿಸಿ ಎಂದಷ್ಟೇ. 1975ರಲ್ಲಿ ಫೀನಾ ಕೂಪರ್ ಎಂಬ ವೃದ್ಧೆ ಭೂಮಿಯ ಹಕ್ಕಿಗಾಗಿ ದೇಶದ ಉತ್ತರ ತುದಿಯಿಂದ ಸಂಸತ್ತಿನವರೆಗೆ ಜಾಥಾ ನಡೆಸಿದರು. ಹಳ್ಳಿ ಸುಟ್ಟುಹೋದ ಓಕಾಹು ಕೊಲ್ಲಿಯ ಮೇಲಿನ ಬೆಟ್ಟವನ್ನು 1977ರಲ್ಲಿ ಙಾಟಿ ಫಾಟುವಾ ಜನ ಹಿಡಿದು ಕೂತರು. 506 ದಿನಗಳ ನಂತರ, 1978ರ ಮೇ 25ರಂದು, ಪೊಲೀಸರು ಮತ್ತು ಸೈನಿಕರು ಬಂದು 222 ಜನರನ್ನು ಬಂಧಿಸಿದರು. ಅಣಕು ಹಾಕಾದ ಕೋಣೆಗೆ ದಂಡು ನುಗ್ಗಿದ್ದು ಇದಾದ ಮುಂದಿನ ಮೇ ತಿಂಗಳಲ್ಲಿ. ಆ ಹುಡುಗರ ಸಿಟ್ಟು ಒಂದು ದಿನದ್ದಾಗಿರಲಿಲ್ಲ.

ಕ್ಯಾಂಪಸ್ಸಿನಲ್ಲೇ ಒಂದು ಮರಾಯೆ ಬೇಕೆಂಬ ಬೇಡಿಕೆ ಬೆಳೆದದ್ದು ಈ ಹಿನ್ನೆಲೆಯಲ್ಲಿ. ವೆಲಿಂಗ್ಟನ್ನಿನಲ್ಲಿ ಅದು ಮೊದಲು ಕೈಗೂಡಿತು. 1977ರಲ್ಲಿ ವಿಕ್ಟೋರಿಯಾ ವಿಶ್ವವಿದ್ಯಾಲಯಕ್ಕೆ ಮಾವೊರಿ ಪ್ರಾಧ್ಯಾಪಕರಾಗಿ ಬಂದ ಹಿರಿನಿ ಮೋಕೊ ಮೀಡ್, ಮಾತಾತುವಾ ಮನೆಯನ್ನು ಕಳೆದುಕೊಂಡಿದ್ದ ಙಾಟಿ ಆವಾ ಕುಲದವರು. ಆ ಮನೆ ಹಿಂದಿರುಗಿ ಬರುವ ಹೋರಾಟದಲ್ಲೂ ಮುಂದಿದ್ದವರು. 1984ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ನಡೆದ ‘ತೆ ಮಾವೊರಿ’ ಪ್ರದರ್ಶನವನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಆ ಪ್ರದರ್ಶನವನ್ನು ಮಾವೊರಿ ಹಿರಿಯರು ನಸುಕಿನಲ್ಲಿ ತಮ್ಮ ಮಂತ್ರಗಳನ್ನು ಹೇಳುತ್ತ ತೆರೆದರು. ಪೂರ್ವಜರನ್ನು ಬರೀ ‘ವಸ್ತು’ಗಳಾಗಿ ಕಳಿಸಲು ಅವರು ಒಪ್ಪಿರಲಿಲ್ಲ. 1986ರ ಡಿಸೆಂಬರ್ 6ರಂದು ವಿಕ್ಟೋರಿಯಾದ ಕೆಲ್ಬರ್ನ್ ಕ್ಯಾಂಪಸ್ಸಿನಲ್ಲಿ ಕೆತ್ತನೆಯ ಸಭಾಮನೆ ತೆರೆಯಿತು. ಕೆತ್ತನೆಯ ಮುಖ್ಯಸ್ಥರಾಗಿದ್ದವರು ತಾಕಿರಿರಾಙಿ ಸ್ಮಿತ್. ಮರಾಯೆಯ ಹೆಸರು ‘ತೆ ಹೆರೆಙಾ ವಾಕಾ’, ಅಂದರೆ ದೋಣಿಗಳನ್ನು ಕಟ್ಟಿಹಾಕುವ ಗೂಟ. ಮಾವೊರಿ ಕುಲಗಳು ತಮ್ಮ ಮೂಲವನ್ನು ಹೇಳಿಕೊಳ್ಳುವುದು ಪೂರ್ವಜರು ಸಾಗರ ದಾಟಿ ಬಂದ ದೋಣಿಯ ಹೆಸರಿನಿಂದ. ಯಾವ ದೋಣಿಯವರಾದರೂ ಬಂದು ಇಲ್ಲಿ ಹಗ್ಗ ಕಟ್ಟಬಹುದು ಎಂಬುದು ಆ ಹೆಸರಿನ ಭರವಸೆ.

ಸಾಹಿತ್ಯದ ಓದುಗರಿಗೆ ಇಲ್ಲೊಂದು ಮಾತು. ಪೆಟ್ರಿಶಿಯಾ ಗ್ರೇಸ್ ಅವರ ‘ಪೊಟಿಕಿ’ ಕಾದಂಬರಿ ಬಂದದ್ದೂ ಅದೇ 1986ರಲ್ಲಿ. ಕಡಲ ದಡದ ಒಂದು ಮಾವೊರಿ ಸಮುದಾಯ, ಅವರ ನೆಲದ ಮೇಲೆ ಕಣ್ಣಿಟ್ಟ ಉದ್ಯಮಿಗಳು, ಸುಟ್ಟುಹೋಗುವ ಸಭಾಮನೆ, ಮತ್ತೆ ಕಟ್ಟುವ ಸಭಾಮನೆ. ಕಥೆ ಕಾಲ್ಪನಿಕ. ಆದರೆ ಓಕಾಹು ಕೊಲ್ಲಿಯ ಬೂದಿಯನ್ನು ಬಲ್ಲ ಓದುಗರಿಗೆ ಅದು ಕಾಲ್ಪನಿಕವಾಗಿ ಕಂಡಿರಲಾರದು.

ಆಕ್ಲೆಂಡಿನ ಸರದಿ 1988ರಲ್ಲಿ ಬಂತು. ಮರಾಯೆಗೆ ‘ವೈಪಾಪಾ’ ಎಂಬ ಹೆಸರು. ಸಭಾಮನೆಯನ್ನು ಕೆತ್ತಿಸಿದವರು ಪಾಕಿ ಹ್ಯಾರಿಸನ್. ಅವರಿಗೆ ಕೆತ್ತನೆ ಕಲಿಸಿದವರು ಪಿನೆ ತಾಯಾಪಾ. ತಾಯಾಪಾ ಕಲಿತದ್ದು ಆಪಿರಾನಾ ಙಾಟಾ ತೆರೆಸಿದ್ದ ರೊಟೊರುವಾದ ಶಾಲೆಯಲ್ಲಿ. ಮೊದಲ ಮಾವೊರಿ ಪದವೀಧರ ಹಚ್ಚಿದ ದೀಪ ಕೈಯಿಂದ ಕೈಗೆ ದಾಟಿ, ಸುಮಾರು ಅರವತ್ತು ವರ್ಷಗಳ ನಂತರ ವಿಶ್ವವಿದ್ಯಾಲಯದ ಒಳಕ್ಕೇ ಬಂತು. ಒಳಗೋಡೆಯ ಹೆಣಿಗೆಯ ಫಲಕಗಳ ಹೊಣೆ ಹೊತ್ತವರು ಪಾಕಿಯವರ ಪತ್ನಿ ಹೀನೆಮೊವಾ ಹ್ಯಾರಿಸನ್.

ಇಲ್ಲಿ ಒಂದು ತೊಡಕಿತ್ತು. ಹಳ್ಳಿಯ ಮರಾಯೆ ಒಂದು ಕುಲದ್ದು. ವಿಶ್ವವಿದ್ಯಾಲಯಕ್ಕೆ ಬರುವ ವಿದ್ಯಾರ್ಥಿಗಳು ಎಲ್ಲ ಕುಲದವರು. ಯಾರ ಪೂರ್ವಜನ ಹೆಸರಿಟ್ಟರೂ ಉಳಿದವರು ಮತ್ತೆ ಅತಿಥಿಗಳೇ. ಅದಕ್ಕೆ ಮನೆಗೆ ‘ತಾನೆ-ನುಯಿ-ಆ-ರಾಙಿ’ ಎಂದು ಹೆಸರಿಟ್ಟರು. ತಾನೆ ಕಾಡಿನ ದೇವತೆ. ಮನುಷ್ಯರೆಲ್ಲರ ಮೂಲವನ್ನೂ ಮಾವೊರಿ ಪುರಾಣ ಅವನಲ್ಲಿ ಕಾಣುತ್ತದೆ. ಸ್ವರ್ಗಗಳನ್ನು ಹತ್ತಿ ಹೋಗಿ ಮೂರು ಬುಟ್ಟಿ ಜ್ಞಾನವನ್ನು ಭೂಮಿಗೆ ತಂದವನೂ ಅವನೇ. ವಿಶ್ವವಿದ್ಯಾಲಯದ ಮನೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. ಜ್ಞಾನ ನಿಮ್ಮ ಹಡಗುಗಳಲ್ಲಿ ಬಂದದ್ದಲ್ಲ, ನಮ್ಮಲ್ಲೂ ಬುಟ್ಟಿಗಟ್ಟಲೆ ಇತ್ತು ಎಂದು ಜಗಳವಾಡದೆ ಹೇಳುವ ಹೆಸರು ಅದು. ಅದೇ 1988ರಲ್ಲಿ, ಙಾಟಿ ಫಾಟುವಾ ಜನ 506 ದಿನ ಕೂತಿದ್ದ ಬೆಟ್ಟವನ್ನು ಅವರಿಗೆ ಮರಳಿಸಲು ಸರ್ಕಾರ ಒಪ್ಪಿತು. ಅದರ ಹಿಂದಿನ ವರ್ಷವಷ್ಟೇ ಮಾವೊರಿಗೆ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿತ್ತು. 1979ರ ಹೊಡೆದಾಟದಿಂದಲೇ ಮನೆ ಬಂತು ಎಂದರೆ ಇತಿಹಾಸವನ್ನು ತೀರಾ ಸರಳ ಮಾಡಿದಂತೆ. ಅರ್ಜಿ, ಜಾಥಾ, ಧರಣಿ, ಪಾಠ, ಕಾದಂಬರಿ ಎಲ್ಲವೂ ಒಂದೊಂದು ತೊಲೆ ಹೊತ್ತು ತಂದವು.

ಈ ಮನೆಗಳು ಮಾಡಿದ್ದೇನು? ನನ್ನ ಪ್ರಕಾರ ಅವು ಮಾಡಿದ ಮುಖ್ಯ ಕೆಲಸ, ಯಜಮಾನ ಮತ್ತು ಅತಿಥಿಯ ಜಾಗಗಳನ್ನು ಅದಲುಬದಲು ಮಾಡಿದ್ದು. ಮರಾಯೆಗೆ ಹೊಸಬರು ಹಾಗೇ ನುಗ್ಗುವಂತಿಲ್ಲ. ಹೊರಬಾಗಿಲಲ್ಲಿ ಗುಂಪಾಗಿ ನಿಂತು ಕಾಯಬೇಕು. ಒಳಗಿನಿಂದ ಹೆಂಗಸೊಬ್ಬಳು ದನಿಯೆತ್ತಿ ಕರೆಯುತ್ತಾಳೆ. ಬಂದವರ ಕಡೆಯ ಹೆಂಗಸು ಉತ್ತರ ಕೊಡುತ್ತಾಳೆ. ಆಗ ನಿಧಾನವಾಗಿ ಅಂಗಳ ದಾಟಬೇಕು, ನಡುವೆ ನಿಂತು ಎರಡೂ ಕಡೆಯ ಸತ್ತವರನ್ನು ನೆನೆಯಬೇಕು. ಭಾಷಣಗಳಾಗುತ್ತವೆ, ಪ್ರತಿ ಭಾಷಣಕ್ಕೂ ಹಾಡಿನ ಬೆಂಬಲ. ಬಳಿಕ ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳುತ್ತಾರೆ. ಕೊನೆಗೆ ಊಟ. ಊಟವಾದ ಮೇಲೆ ಬಂದವರು ಹೊರಗಿನವರಲ್ಲ. ಬಂದವರು ಕುಲಪತಿಯಾಗಿರಲಿ, ಮಂತ್ರಿಯಾಗಿರಲಿ, ವಿದೇಶಿ ವಿದ್ವಾಂಸರಾಗಿರಲಿ, ಕ್ರಮ ಒಂದೇ. ಬಾಗಿಲಲ್ಲಿ ಕಾಯುವುದು ಅವರ ಕೆಲಸ, ಕರೆಯುವುದು ಮನೆಯವರ ಕೆಲಸ. ಪಟ್ಟಣದಲ್ಲಿ ಹುಟ್ಟಿ, ಭಾಷೆ ಮರೆತ ಮನೆಯಲ್ಲಿ ಬೆಳೆದ ಹದಿನೆಂಟರ ಹುಡುಗಿಯೊಬ್ಬಳು ಒಳಗಿನ ಸಾಲಿನಲ್ಲಿ ನಿಂತು ದೊಡ್ಡವರನ್ನು ಬರಮಾಡಿಕೊಳ್ಳುವ ಹಾಡಿಗೆ ದನಿಗೂಡಿಸುತ್ತಾಳೆ ಎಂದುಕೊಳ್ಳಿ. ಆ ಹತ್ತು ನಿಮಿಷದಲ್ಲಿ ಅವಳು ಆ ಕ್ಯಾಂಪಸ್ಸಿನ ಅತಿಥಿಯಾಗಿ ಉಳಿಯುವುದಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. 2024ರಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ, ಓದುವ ಜಾಗವೊಂದು ಮಾವೊರಿ ಮತ್ತು ಪೆಸಿಫಿಕ್ ದ್ವೀಪಗಳ ವಿದ್ಯಾರ್ಥಿಗಳಿಗೆ ಮೀಸಲು ಎಂದು ತಿಳಿಸುವ ಫಲಕದ ಚಿತ್ರ ಹರಿದಾಡಿತು. ಇದು ಜನಾಂಗೀಯ ವಿಂಗಡಣೆ ಎಂದು ಕೆಲವು ರಾಜಕಾರಣಿಗಳು ಹರಿಹಾಯ್ದರು. ಆ ವಾದವನ್ನು ಸುಮ್ಮನೆ ತಳ್ಳಿಹಾಕಬಾರದು. ಎಲ್ಲರ ವಿಶ್ವವಿದ್ಯಾಲಯದಲ್ಲಿ ಕೆಲವರಿಗೆ ಬೇರೆ ಜಾಗವೇಕೆ ಎಂಬುದು ಕೇಳಬಹುದಾದ ಪ್ರಶ್ನೆಯೇ. ಆದರೆ ಉತ್ತರವೂ ಇತಿಹಾಸದಲ್ಲೇ ಇದೆ. ನೂರು ವರ್ಷ ಆ ಇಡೀ ವಿಶ್ವವಿದ್ಯಾಲಯವೇ ಒಂದು ಸಮುದಾಯದ ಮನೆಯಾಗಿತ್ತು. ಫಲಕ ಹಾಕುವ ಅಗತ್ಯ ಬಿದ್ದಿರಲಿಲ್ಲ, ಅಷ್ಟೇ. ಮೇಲಾಗಿ ಮರಾಯೆ ಯಾರನ್ನೂ ಹೊರಗಿಡುವುದಿಲ್ಲ. ಕ್ರಮ ತಿಳಿದು ಬನ್ನಿ ಎನ್ನುತ್ತದೆ, ಬಂದವರಿಗೆ ಊಟವಿಕ್ಕುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮನೆ ಕಟ್ಟಿಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ‘ನನ್ನ ಪ್ರಾಧ್ಯಾಪಕರು ಮಾವೊರಿ ಯಾಕಲ್ಲ?’ ಎಂದು ಶೀರ್ಷಿಕೆಯಲ್ಲೇ ಕೇಳುವ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ನ್ಯೂಜಿಲೆಂಡಿನ ವಿಶ್ವವಿದ್ಯಾಲಯಗಳ ಬೋಧಕರಲ್ಲಿ ಮಾವೊರಿಗಳು ನೂರಕ್ಕೆ ಐವರಷ್ಟು ಮಾತ್ರ, ವರ್ಷಗಳು ಕಳೆದರೂ ಆ ಪ್ರಮಾಣ ಏರಿಲ್ಲ ಎಂದು ಅದು ತೋರಿಸಿತು. ಜನಸಂಖ್ಯೆಯಲ್ಲಿ ಅವರ ಪಾಲು ಅದರ ಮೂರು ಪಟ್ಟು. ಇರುವ ಕೆಲವೇ ಬೋಧಕರ ಮೇಲೆ ಪಾಠ, ಸಂಶೋಧನೆಯ ಜೊತೆಗೆ ಬಂದ ಗಣ್ಯರನ್ನೆಲ್ಲ ಸ್ವಾಗತಿಸುವ ಹೊರೆಯೂ ಬೀಳುತ್ತದೆ. ಮನೆ ಇದ್ದೂ ಮನೆಯವರು ಕಡಿಮೆಯಾದರೆ ಅದು ಮತ್ತೆ ಪ್ರದರ್ಶನದ ಮನೆಯೇ ಆದೀತು. ಮಾತಾತುವಾದ ಗೋಡೆಗಳು ಒಮ್ಮೆ ಮಗುಚಿದ್ದನ್ನು ಮರೆಯಬಾರದು.

ಆದರೂ ಒಂದು ಬದಲಾವಣೆ ನನ್ನ ಗಮನ ಸೆಳೆಯುತ್ತದೆ. 2019ರಲ್ಲಿ ವಿಕ್ಟೋರಿಯಾ ವಿಶ್ವವಿದ್ಯಾಲಯ ತನ್ನ ಹಳೆಯ ಮಾವೊರಿ ಹೆಸರನ್ನು ಬಿಟ್ಟು ‘ತೆ ಹೆರೆಙಾ ವಾಕಾ’ ಎಂಬುದನ್ನೇ ತನ್ನ ಹೆಸರಾಗಿ ಮಾಡಿಕೊಂಡಿತು. ಕ್ಯಾಂಪಸ್ಸಿನ ಒಂದು ಬದಿಯಲ್ಲಿ ಕಟ್ಟಿದ ಮನೆಯ ಹೆಸರು ಇಡೀ ಸಂಸ್ಥೆಯ ಹೆಸರಾಯಿತು. ಆಕ್ಲೆಂಡಿಗೆ 2021ರಲ್ಲಿ ‘ವೈಪಾಪಾ ತೌಮಾತಾ ರೌ’ ಎಂಬ ಹೆಸರು ಉಡುಗೊರೆಯಾಗಿ ಬಂತು. ಕೊಟ್ಟವರು ಬೇರೆ ಯಾರೂ ಅಲ್ಲ, ಒಮ್ಮೆ ತಮ್ಮ ಹಳ್ಳಿ ಸುಡುವುದನ್ನು ನೋಡಿದ್ದ ಅದೇ ಙಾಟಿ ಫಾಟುವಾ ಓರಾಕೆಯಿ ಕುಲದವರು. ಹೆಸರಿಡುವುದು ಅತಿಥಿಗಳ ಕೆಲಸವಲ್ಲ, ಮನೆಯ ಹಿರಿಯರದು.

ನ್ಯೂಜಿಲೆಂಡ್ ನಮಗೆ ದೂರ. ಆದರೆ ಹುಲ್ಲಿನ ಲಂಗದ ಆ ಅಣಕು ಕುಣಿತ ನಮಗೆ ಅಷ್ಟು ದೂರವೆಂದು ನನಗೆ ಅನ್ನಿಸುವುದಿಲ್ಲ. ನಮ್ಮ ಶಾಲೆ ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ‘ಬುಡಕಟ್ಟು ನೃತ್ಯ’ ಎಂಬ ಹೆಸರಿನಲ್ಲಿ ಮಕ್ಕಳಿಗೆ ಸೊಪ್ಪು ಕಟ್ಟಿಸಿ, ಮುಖಕ್ಕೆ ಮಸಿ ಬಳಿಸಿ, ಕೈಗೆ ಭರ್ಜಿ ಕೊಟ್ಟು, ಅರ್ಥವಿಲ್ಲದ ಶಬ್ದಗಳನ್ನು ಕೂಗಿಸುವುದನ್ನು ನಾವು ನೋಡಿದ್ದೇವೆ, ಚಪ್ಪಾಳೆಯನ್ನೂ ತಟ್ಟಿದ್ದೇವೆ. ಅದೇ ಸಭೆಯಲ್ಲಿ ಸೋಲಿಗರ, ಜೇನುಕುರುಬರ, ಕೊರಗರ ಮನೆಯ ಮಗುವೊಂದು ಕೂತಿದ್ದರೆ ಅದಕ್ಕೆ ಏನನ್ನಿಸುತ್ತದೆ ಎಂದು ಕೇಳಿದವರು ಎಷ್ಟು ಮಂದಿ? ಆ ಮಗುವಿಗೆ ನಾವು ಹಾಸ್ಟೆಲ್ ಕೊಟ್ಟಿದ್ದೇವೆ, ವಿದ್ಯಾರ್ಥಿವೇತನ ಕೊಟ್ಟಿದ್ದೇವೆ. ಅವೆಲ್ಲ ಬೇಕೇ ಬೇಕು. ಅವು ಅತಿಥಿಗೆ ಕೊಡುವ ಹಾಸಿಗೆ ಮತ್ತು ಊಟ. ಆದರೆ ನಾವು ಹೊರಗೆ ನಿಂತು, ಆ ಮಗು ತನ್ನ ಭಾಷೆಯಲ್ಲಿ ನಮ್ಮನ್ನು ಒಳಗೆ ಕರೆಯಬಹುದಾದ ಒಂದು ಬಾಗಿಲು ನಮ್ಮ ಯಾವ ಕ್ಯಾಂಪಸ್ಸಿನಲ್ಲಿದೆ?